ಟಾರ್ಚ್ ಬಿಟ್ಟಾಗ ಕಂಡ ಗೀರುಗಳು

ಹೋದ ತಿಂಗಳು ನಾವು ಕಾರ್ ಡೀಟೇಲಿಂಗ್ ಹುಚ್ಚಿನ ಮೂವರು ನಮ್ಮ ಮನೆ ಪಾರ್ಕಿಂಗ್‌ನಲ್ಲಿ ಸೇರಿದ್ವಿ. ಮಾತು ಶಾಂಪೂ, ವ್ಯಾಕ್ಸ್‌ನಿಂದ ಶುರುವಾಗಿ ಲೈಟ್ ಹತ್ರ ಬಂದು ನಿಂತ್ಕೊಳ್ತು.

ಟ್ಯೂಬ್‌ಲೈಟ್ ಬೆಳಕು ಹರಡಿಕೊಂಡಿರುತ್ತೆ, ಅದರ ಕೆಳಗೆ ಯಾವ ಕಾರಾದ್ರೂ ಚೆನ್ನಾಗೇ ಕಾಣುತ್ತೆ. ಮೊಬೈಲ್ ಟಾರ್ಚ್ ಬಿಡಿ, ಬಾನೆಟ್ ತುಂಬಾ ಜೇಡರಬಲೆ ಥರ ಗೀರು. ಅಪ್ಪನ ಕಾರಿನ ಮೇಲೆ ಬಿಟ್ಟೆ ನೋಡಿ... ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅವರು ಒಣಬಟ್ಟೆಯಲ್ಲಿ ಒರೆಸ್ತಾರೆ. ಬಟ್ಟೆ ಕೆಳಗಿನ ಧೂಳು ಸ್ಯಾಂಡ್‌ಪೇಪರ್ ಕೆಲಸ ಮಾಡಿದೆ. ಗೆಳೆಯರ ಮುಂದೇನೇ ಹೇಳ್ಬಿಟ್ಟೆ, "ಅಪ್ಪಾ, ಪೇಂಟ್ ಹಾಳು ಮಾಡಿರೋದು ನೀವೇ."

ಅವರು ಏನೂ ಮಾತಾಡ್ಲಿಲ್ಲ. ಮಾರನೇ ದಿನ ಒರೆಸೋಕೂ ಇಳೀಲಿಲ್ಲ.

ಪಾಲಿಶ್ ಹೊಡೆದ್ರೆ ಗೀರು ಹೋಗುತ್ತೆ. ಆದ್ರೆ ಪಾಲಿಶ್ ಅಂದ್ರೆ ಮೇಲಿನ ಕ್ಲಿಯರ್‌ಕೋಟನ್ನೇ ಸವೆಸೋದು. ಅದಿರೋದು ಸಾಮಾನ್ಯವಾಗಿ 40-50 ಮೈಕ್ರಾನ್, ಹೆಚ್ಚುಕಮ್ಮಿ ಒಂದು ಕೂದಲೆಳೆಯಷ್ಟು. ಬಿಕಾಂ ಭಾಷೇಲಿ ಹೇಳೋದಾದ್ರೆ, ಪ್ರತಿ ಸಲ ಅಸಲಿನಿಂದಲೇ ಖರ್ಚು. ಹಾಗಾಗಿ ಒಂದೇ ಸಲ, ಹಗುರವಾಗಿ ಹೊಡೆದು ಬಿಟ್ಟೆ. ಆಳದ ಗೀರುಗಳು ಇರಲಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ರೂಪಾಯಿ ದಂಡ ಅಂತಲ್ವಾ? ಆಗಿಂದ ನಂದು ರಿನ್ಸ್‌ಲೆಸ್ ವಾಶ್. ಅರ್ಧ ಬಕೆಟ್ ನೀರು, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಅಷ್ಟೇ.

ಮೊನ್ನೆ ಭಾನುವಾರ ಆ ಬಕೆಟ್ ತಂದು ಅಪ್ಪನ ಮುಂದಿಟ್ಟೆ. ಬಟ್ಟೆನ ನಾಲ್ಕು ಮಡಿಕೆ ಮಾಡಿ, "ಎಲ್ಲಿಂದ ಶುರು ಮಾಡ್ಲಪ್ಪಾ?" ಅಂದ್ರು. ಮೇಲಿಂದ, ರೂಫಿಂದ ಅಂದೆ.

ಬಾನೆಟ್‌ನಿಂದಲೇ ಶುರು ಮಾಡಿದ್ರು. ನಾನೂ ಸುಮ್ನಿದ್ದೆ.