ಹೆಬ್ಬೆಟ್ಟಿನಿಂದ ಡಿಜಿಟಲ್ ಸಹಿಯವರೆಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನಮ್ಮ ಹಿರಿಯರು ಎರಡು ಸಲ ಓದಿಸಿ ಕೇಳುತ್ತಿದ್ದರು. ಈಗಿನ ಸಹಿ ಬೆರಳುದ್ದದ ಟೋಕನ್ನಿನೊಳಗೆ ಕೂತಿದೆ. ಕಾಗದದ ಸಹಿಯಂತೆ ಇದಕ್ಕೂ ಮಾನ್ಯತೆ ಉಂಟೆಂದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳಿತು. ಅಂದರೆ ಅದೂ ನಮ್ಮ ಸಂಘದ ವಾರಿಗೆಯದೇ. ಕೇಂದ್ರ ಸರ್ಕಾರದ ನಿಯಂತ್ರಕರಿಂದ ಲೈಸೆನ್ಸ್ ಪಡೆದ ಸಂಸ್ಥೆಗಳು ಗುರುತು ಪರೀಕ್ಷಿಸಿ ಇದನ್ನು ಕೊಡುತ್ತವೆ. ಅವಧಿ ಮುಗಿದರೆ ಹೊಸದು ಮಾಡಿಸಬೇಕು.

ನಾಡಕಚೇರಿಯಿಂದ ತಂದ ಪಹಣಿ ಹಿಡಿದು, "ಇದರಾಗ ಸಾಹೇಬರ ಸಹಿನೇ ಇಲ್ಲಲ್ರೀ" ಎಂದು ಸದಸ್ಯರು ಕೇಳುವುದುಂಟು. ಸಹಿ ಐತ್ರೀ, ಶಾಯಿ ಇಲ್ಲ ಅಷ್ಟೇ. ಸಹಿ ಬಿದ್ದ ಮೇಲೆ ಕಂಪ್ಯೂಟರಿನ ಆ ದಾಖಲೆಯಲ್ಲಿ ಒಂದಕ್ಷರ ತಿದ್ದಿದರೂ ಪರೀಕ್ಷಿಸಿದಾಗ ಗೊತ್ತಾಗಿಬಿಡುತ್ತದೆ. ಆದರೆ ಟೋಕನ್ನನ್ನೂ ಗುಪ್ತಸಂಖ್ಯೆಯನ್ನೂ ಬೇರೆಯವರ ಕೈಗೆ ಕೊಟ್ಟರೆ, ಒತ್ತಿದವರು ಯಾರೆಂದು ಅದಕ್ಕೇನು ಗೊತ್ತು?

ಆ ತಪ್ಪನ್ನು ನಾವೇ ಮಾಡಿದೆವು. ಹಿಂದಿನ ಅಧ್ಯಕ್ಷರ ಟೋಕನ್ ರಾಯಚೂರಿನಲ್ಲಿ ನಮ್ಮ ತೆರಿಗೆ ಕೆಲಸ ನೋಡುವವರ ಬಳಿಯೇ ಇತ್ತು. ಸಂಖ್ಯೆ ಬರೆದ ಚೀಟಿ ಅದಕ್ಕೇ ಅಂಟಿಸಿತ್ತು. ಬಸ್ ಚಾರ್ಜು ಉಳಿಯಿತೆಂದು ನಮಗೂ ಸಮಾಧಾನ! ಹೊಸ ಮಂಡಳಿ ಬಂದರೂ ಬದಲಿಸಲಿಲ್ಲ. ಆದಾಯ ತೆರಿಗೆ ವಿವರ ಸಲ್ಲಿಸಲು ನಾಲ್ಕೇ ದಿನ ಉಳಿದಾಗ ಅದರ ಅವಧಿ ಮುಗಿದದ್ದು ತಿಳಿಯಿತು. 1961ರ ಕಾಯ್ದೆಯ 80ಪಿ ಕಲಮಿನಂತೆ ಸಹಕಾರ ಸಂಘಗಳಿಗೆ ಸಿಗುತ್ತಿದ್ದ ರಿಯಾಯಿತಿ, 2018ರ ತಿದ್ದುಪಡಿಯ ನಂತರ, ಗಡುವು ಮೀರಿದರೆ ಕೈತಪ್ಪುವಂತಿತ್ತು. ನಿಮ್ಮ ಡಿವಿಡೆಂಡಿನ ಹಣ ತೆರಿಗೆಗೆ ಹೋಗುತ್ತಿತ್ತು. ನಾರಾಯಣಪುರ ಬಲದಂಡೆ ಕಾಲುವೆಗೆ ನೀರು ಬಿಡುವುದನ್ನು ಕಾದಂತೆ ಹೊಸ ಟೋಕನ್ನಿಗೆ ಕಾದೆವು. ಕಡೆಯ ದಿನ ಸಂಜೆ ಕೆಲಸವಾಯಿತು.

ಹಣವೇನೋ ಉಳಿಯಿತು. ಆದರೆ ಆ ಹಿರಿಯರು, "ನಾನು ಅಧಿಕಾರ ಬಿಟ್ಟ ಮ್ಯಾಲೆ ನನ್ನ ಹೆಸರಿನಾಗ ಎಷ್ಟು ಸಹಿ ಬಿದ್ದಾವ್ರೀ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೋಸ ನಡೆದಿಲ್ಲ, ನಿಜ. ನಡೆದಿದ್ದರೂ ಮೊದಲು ಕಟ್ಟೆ ಹತ್ತುತ್ತಿದ್ದವರು ಅವರೇ.

ಸ್ವಂತ ಅಂಗಡಿಯವರಿಗೆ, ನೌಕರಿ ಮಾಡುವವರಿಗೆ ಸಾಮಾನ್ಯವಾಗಿ ಟೋಕನ್ ಬೇಡ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಸಾಕು. ಆ ಆರಂಕಿಯೂ ಸಹಿ ಇದ್ದಂತೆಯೇ, ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ.

ಈಗ ಟೋಕನ್ ಸಂಘದ ತಿಜೋರಿಯಲ್ಲಿದೆ, ಸಂಖ್ಯೆ ಅಧ್ಯಕ್ಷರ ತಲೆಯಲ್ಲಿದೆ. ರಾಯಚೂರಿಗೆ ಅವರೇ ಹೋಗುತ್ತಾರೆ, ಬಸ್ ಚಾರ್ಜು ಸಂಘ ಕೊಡುತ್ತದೆ. ಯಾವ ದಿನ ಯಾವುದಕ್ಕೆ ಸಹಿಯಾಯಿತೆಂದು ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ. ಊಟವಾದ ಮೇಲೆ ಯಾರು ಬೇಕಾದರೂ ಬಂದು ನೋಡಬಹುದು.