ಕುರ್ವೆಯ ನೆಲ ಮತ್ತು ಸಾರಜನಕದ ವ್ಯಯ



ಹೊಳೆಯು ಸುತ್ತುವರಿದ ನೆಲವನ್ನು ಕರಾವಳಿಯಲ್ಲಿ ಕುರ್ವೆಯೆಂದು ಕರೆಯುವರು. ಹೊನ್ನಾವರ ಸೀಮೆಯಲ್ಲಿ ಶರಾವತಿಯು ಸಮುದ್ರವನ್ನು ಸೇರುವೆಡೆಯ ಮಾವಿನಕುರ್ವೆಯು ಅಂತಹುದೊಂದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಸೀಮೆಯಲ್ಲಿ, ರೈತನು ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರಿಗೆ ದಕ್ಕುವುದೆಷ್ಟು, ಹೊಳೆಗೂ ಗಾಳಿಗೂ ಸಲ್ಲುವುದೆಷ್ಟು ಎಂಬುದೇ ಇಂದಿನ ವಿಚಾರವು.

45 ಕಿಲೋ ಚೀಲವೊಂದರಲ್ಲಿ ಸುಮಾರು 20.7 ಕಿಲೋ ಸಾರಜನಕವಿರುವುದು. ನೀರು ನಿಂತ ಭತ್ತದ ಗದ್ದೆಯಲ್ಲಿ ಅದರ ಅರ್ಧವೂ ಪೈರಿಗೆ ಸೇರದಿರುವುದು ಸಾಮಾನ್ಯ. ನಿಂತ ನೀರಿನ ಮೇಲೆ ಎರಚಿದ ಯೂರಿಯಾವು ಅಮೋನಿಯಾ ಆಗಿ, ಬಿಸಿಲೇರಿದಂತೆ ಗಾಳಿಗೆ ಹಾರುವುದು. ಉಳಿದುದರಲ್ಲಿ ಒಂದಂಶವು ಮಣ್ಣಿನ ಮೇಲುಪದರದಲ್ಲಿ ನೈಟ್ರೇಟ್ ರೂಪವನ್ನು ತಾಳುವುದು. ಜೇಡಿಯ ಕಣವು ಅಮೋನಿಯಮನ್ನು ಹಿಡಿದಿಡಬಲ್ಲುದು, ನೈಟ್ರೇಟನ್ನು ಹಿಡಿಯಲಾರದು. ಆದುದರಿಂದ ಮರಳು ನೆಲದಲ್ಲಿ ಅದು ಮಳೆನೀರಿನೊಡನೆ ಕೆಳಗಿಳಿದು ಬಾವಿಯನ್ನು ಸೇರುವುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿಮೀರಿದರೆ ಹಸುಗೂಸುಗಳ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುವುದು. ನಷ್ಟವು ಬರಿಯ ಹಣದ್ದೆಂದು ತಿಳಿಯುವವರು ಇದನ್ನು ಗಮನಿಸಬೇಕು. ಗಾಳಿಯಾಡದ ಕೆಸರಿಗಿಳಿದ ನೈಟ್ರೇಟಾದರೋ ಸೂಕ್ಷ್ಮಜೀವಿಗಳಿಂದ ಅನಿಲವಾಗಿ ಮಾರ್ಪಟ್ಟು ಹೋಗುವುದು.

2015ರಲ್ಲಿ ಭಾರತ ಸರಕಾರವು ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವನ್ನು ಕಡ್ಡಾಯಗೊಳಿಸಿತು. ಬೇವು ಅಮೋನಿಯಂ ನೈಟ್ರೇಟಾಗುವ ಕ್ರಿಯೆಯನ್ನು ನಿಧಾನಗೊಳಿಸುವುದು. ಅಮೋನಿಯಾ ಹಾರಿಹೋಗುವುದನ್ನು ತಡೆಯುವುದೆಂದು ಅದನ್ನು ನಂಬಿ ಕೂರಲಾಗದು. ಲೇಪವಿದೆಯೆಂದು ತುಂಬಿದ ನೀರಿನ ಮೇಲೆಯೇ ಎರಚುವವನು ಮೋಸಹೋಗುವನು.

ಇದೇ ಜಿಲ್ಲೆಯ ಕುಮಟಾ ಸೀಮೆಯಲ್ಲಿ, ಅಘನಾಶಿನಿಯ ಹಿನ್ನೀರಿನ ಗಜನಿಗಳಲ್ಲಿ, ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಗೊಬ್ಬರವನ್ನು ಕೊಳ್ಳದೆಯೇ ಬೆಳೆಯುತ್ತ ಬಂದಿರುವರು. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುವರು. ಅದು ಕೊಳೆತು ಮೀನು ಸಿಗಡಿಗಳಿಗೆ ಆಹಾರವಾಗಿ, ನೆಲಕ್ಕೆ ಸಾರವಾಗಿ ಮರಳುವುದು. ಆದರೆ ಹೆಚ್ಚು ಇಳುವರಿಯ ತಳಿಗಳಿಗೆ ಈ ಕ್ರಮವೊಂದೇ ಸಾಲದು. ಹಾಗೆ ಹೇಳುವುದು ರೈತನಿಗೆ ಅನ್ಯಾಯ.

ಅಂತಹ ಗದ್ದೆಗಳಲ್ಲಿ ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರವನ್ನು ಮೊದಲು ಕೆಸರಿಗೆ ತುಳಿಸಬೇಕು. ಯೂರಿಯಾವನ್ನು ಒಮ್ಮೆಗೇ ಸುರಿಯದೆ, ನಾಟಿಯ ಹೊತ್ತು, ಪೈರು ಒಡೆಯುವ ಹೊತ್ತು, ತೆನೆ ಮೂಡುವ ಹೊತ್ತು ಎಂದು ಹಂಚಿ ಕೊಡಬೇಕು. ಜಡಿಮಳೆಯ ದಿನ ಬೇಡ. ಹೊಳವಾದ ದಿನ ನೋಡಿ, ಗದ್ದೆಯ ನೀರನ್ನು ಇಳಿಸಿ, ಗೊಬ್ಬರವನ್ನು ಕೆಸರಿನೊಳಗೆ ಬೆರೆಸಿ, ಅನಂತರ ನೀರು ಕಟ್ಟುವುದು. ಇದಕ್ಕೆ ಮುಂಚೆ ಬದುವಿನ ಸುತ್ತಲೂ ಒಮ್ಮೆ ನಡೆದು, ಏಡಿ ಕೊರೆದ ಬಿಲಗಳನ್ನು ಮುಚ್ಚತಕ್ಕದ್ದು.