ಗಡಿ ದಾಟಿದ ದನಿ



ಕೆನಡಾದಲ್ಲಿ ಶನಿವಾರ ರಾತ್ರಿ ಎಂದರೆ ಟಿವಿಯಲ್ಲಿ ಐಸ್ ಹಾಕಿ. ಆಲ್ಬರ್ಟಾ ಪ್ರಾಂತ್ಯದ ಬ್ರೂಕ್ಸ್ ಎಂಬ ಸಣ್ಣ ಊರಿನ ಸಿಖ್ ಹುಡುಗ ಹರ್‌ನಾರಾಯಣ್ ಸಿಂಗ್ ಆಟ ನೋಡುತ್ತಲೇ ವೀಕ್ಷಕ ವಿವರಣೆಯ ಕನಸು ಕಟ್ಟಿದ. ಪೇಟ ಧರಿಸಿದವರು ಆ ಪರದೆಯಲ್ಲಿ ಆಗ ಕಾಣುತ್ತಲೇ ಇರಲಿಲ್ಲ.

2008ರಲ್ಲಿ ಹಾಕಿ ಪಂದ್ಯಗಳ ಪಂಜಾಬಿ ಪ್ರಸಾರ ಶುರುವಾಯಿತು, ಸಿಂಗ್ ಅದರ ವೀಕ್ಷಕ ವಿವರಣೆಗಾರರಾದರು. ಕೆಲಸ ಟೊರಾಂಟೊದಲ್ಲಿ, ಮನೆ ಕ್ಯಾಲ್ಗರಿಯಲ್ಲಿ. ವಾರಾಂತ್ಯ ಬಂತೆಂದರೆ ವಿಮಾನ. ಆರಂಭದಲ್ಲಿ ಟಿಕೆಟ್ಟಿನ ಹಣವೂ ಸ್ವಂತದ್ದೇ. ಅಷ್ಟು ಪ್ರೀತಿ ಇಲ್ಲದವರು ಎಂದೋ ಕೈಬಿಡುತ್ತಿದ್ದರು.

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್‌ಗಾಗಿ 2016ರಲ್ಲಿ ನಡೆದ ಫೈನಲ್ ಸರಣಿಯ ಮೊದಲ ಪಂದ್ಯ. ಮುಗಿಯಲು ಮೂರು ನಿಮಿಷವೂ ಇಲ್ಲ. ಪಿಟ್ಸ್‌ಬರ್ಗ್ ತಂಡದ ನಿಕ್ ಬೊನಿನೊ ಗೋಲು ಹೊಡೆದರು. ಸಿಂಗ್ ಒಂದೇ ಉಸಿರಿನಲ್ಲಿ "ಬೊನಿನೊ, ಬೊನಿನೊ, ಬೊನಿನೊ" ಎಂದು ಕೂಗುತ್ತಲೇ ಹೋದರು. ಪಂಜಾಬಿಯ ಗಂಧಗಾಳಿ ಇಲ್ಲದವರೂ ಅದನ್ನು ಮತ್ತೆ ಮತ್ತೆ ಕೇಳಿದರು. ಕಪ್ ಗೆದ್ದ ಪಿಟ್ಸ್‌ಬರ್ಗ್ ತನ್ನ ವಿಜಯೋತ್ಸವಕ್ಕೆ ಪಂಜಾಬಿ ಬಳಗವನ್ನೇ ಕರೆಸಿಕೊಂಡಿತು. ಮಾತೃಭಾಷೆಗೆ ಸಂದ ಅಂಥ ಗೌರವ ನನಗಂತೂ ಯಾವ ಪ್ರಶಸ್ತಿಗಿಂತಲೂ ದೊಡ್ಡದು.

ಅದೇ ವರ್ಷ ನವೆಂಬರ್‌ನಲ್ಲಿ ಎನ್‌ಎಚ್‌ಎಲ್ ಪಂದ್ಯವೊಂದರ ಇಂಗ್ಲಿಷ್ ಪ್ರಸಾರದಲ್ಲೂ ಅವರು ವರದಿಗಾರರಾಗಿ ಕಾಣಿಸಿಕೊಂಡರು. ಎನ್‌ಎಚ್‌ಎಲ್‌ನ ಇಂಗ್ಲಿಷ್ ಪ್ರಸಾರದಲ್ಲಿ ಕೆಲಸ ಮಾಡಿದ ಮೊದಲ ಸಿಖ್ಖರು ಅವರೇ.